ಷರಾದ ಬಣ್ಣ

ಬದಿಯಡ್ಕದ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು,
ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ,
ಪಾಟಾಳಿಯವರು ದಸ್ತಾವೇಜು ಬರೆಯುವ ಕೋಣೆ.
ಮೂರು ವಾರದಿಂದ ಅಲ್ಲಿ ಕೂತು
ಎಡಿಟರಿಗೆ ಬಣ್ಣ ಕಲಿಸುತ್ತಿದ್ದೇನೆ.

ಸುಲಭದ್ದು ಮೊದಲು.
ಅಂಕೆ, ಓರೆಗೀಟು, ಮತ್ತೆ ಅಂಕೆ: ಸರ್ವೆ ನಂಬ್ರ. ನೀಲಿ.
ರೂಪಾಯಿ ಆಣೆ ಪೈಗಳಿಗೆ ಹಸುರು.
ಮೂಲಗೇಣಿ, ಚಾಲಗೇಣಿ, ಕುಮ್ಕಿ, ಅಡವು,
ಇವು ಪತ್ರದ ಬೀಗದ ಕೈ; ದಪ್ಪಕ್ಷರ, ನೇರಳೆ.
'ಎಂಬವರ ಮಗ', 'ಎಂಬವರ ಹೆಂಡತಿ'
ಕಂಡಲ್ಲಿ ಹಿಂದೆ ಮುಂದೆ ಇರುವುದು ಮನುಷ್ಯರ ಹೆಸರು.
ಅದಕ್ಕೆ ಕೆಂಪು.

ಲಿಪಿಯೂ ತಕರಾರು ಮಾಡಲಿಲ್ಲ.
ಹಳೆಯ ಪತ್ರ ಕನ್ನಡ, ಹೊಸತು ಮಲಯಾಳ.
ಯಂತ್ರದ ಖಾತೆಯಲ್ಲಿ ಪ್ರತಿ ಅಕ್ಷರಕ್ಕೂ ನಂಬ್ರ ಉಂಟು,
ಕನ್ನಡದ ಪಾಲು ಮುಗಿದ ಮರುನಂಬ್ರದಿಂದಲೇ
ಮಲಯಾಳದ್ದು ಸುರು. ನಡುವೆ ಒಂದು ಹುಣಿ ಸಹ ಇಲ್ಲ.
ಇಷ್ಟು ಚೊಕ್ಕ ಗಡಿಯನ್ನು ನಾನು
ಈ ಸೀಮೆಯಲ್ಲಿ ಬೇರೆಲ್ಲೂ ಕಂಡದ್ದಿಲ್ಲ.

ಕೆಟ್ಟದ್ದು ತೋಡಿನಿಂದ.
ಚಕ್ಕುಬಂದಿಯಲ್ಲಿ ತೋಡು ಬಂದರೆ ತಿಳಿನೀಲಿ ಎಂದಿದ್ದೆ;
ಅದು 'ಬಾವಿ ತೋಡುವ ಹಕ್ಕಿ'ನೊಳಗೂ ಹರಿಯಿತು.
ಪದದ ಅಂಚು ನೋಡಿ ನಿಲ್ಲು ಎಂದೆ.
ತೋಡಿಗೆ, ತೋಡಿನಾಚೆ, ತೋಡಿನವರೆಗಿನ...
ನಮ್ಮ ಪದಕ್ಕೆ ಅಂಚೆಲ್ಲಿ? ಬಾಲ ಬೆಳೆಯುತ್ತಲೇ ಹೋಗುತ್ತದೆ.
ತುಳುವಂತೂ ಕನ್ನಡದ ಅಕ್ಷರದಲ್ಲೇ ಬಂದು
ಬೆಂಚಿನ ತುದಿಯಲ್ಲಿ ಸುಮ್ಮನೆ ಕೂರುವ ಸಾಕ್ಷಿ.
ಮಜಲು, ಬೆಟ್ಟು, ಪದವು, ಬಾಕಿಮಾರು:
ಮೈಮೂನಾ ಹೇಳುತ್ತ ಹೋದಳು, ನಾನು ಪಟ್ಟಿಗೆ ಹಾಕುತ್ತ ಹೋದೆ.

ಒಂದಕ್ಷರ ಒತ್ತಿದರೆ ಮೊದಲ ಪುಟದಿಂದ
ಎಲ್ಲವನ್ನೂ ಮತ್ತೆ ಬಳಿಯುತ್ತಿತ್ತು, ಹುಚ್ಚು ಯಂತ್ರ.
ಕಣ್ಣಿಗೆ ಬೀಳುವಷ್ಟನ್ನು ಮಾತ್ರ ಬಳಿ ಸಾಕು ಎಂದೆ.

ಒಂದು ಸಂಜೆ ಕರೆಂಟು ಹೋಗಿ ಬಂದ ಮೇಲೆ
ಕಡತದ ಕೆಳಗಿನ ಅರ್ಧ ಪೂರಾ ಹಳದಿ.
ನಂಬ್ರವಿಲ್ಲ, ಹೆಸರಿಲ್ಲ, ತೋಡಿಲ್ಲ.
ಹುಡುಕಿದರೆ, ತೆರೆದ ಉದ್ಧರಣ ಚಿಹ್ನೆಯನ್ನು
ಯಾರೋ ಮುಚ್ಚಲು ಮರೆತಿದ್ದರು.
"ಅಲ್ಲಿಂದಾಚೆ ಎಲ್ಲ ಬರೇ ಹೇಳಿಕೆ" ಎಂದು ನಕ್ಕಳು ಮೈಮೂನಾ,
"ನಮ್ಮ ಅಜ್ಜನ ಜಾಗದ ಕತೆಯೂ ಹಾಗೆಯೇ."

ಇನ್ನು ಷರಾ.
ಪ್ರೋಗ್ರಾಮು ಬರೆಯುವವರ ರೂಢಿ: ಟಿಪ್ಪಣಿಗೆ ಬೂದಿ ಬಣ್ಣ.
ಯಂತ್ರ ಅದನ್ನು ದಾಟಿ ಹೋಗುತ್ತದೆ, ಬೇಕಾದವರು ಓದಲಿ.
ಅಂಚಿನ ಷರಾಗಳಿಗೆಲ್ಲ ಬೂದಿ ಬಳಿದು
ಮೂವತ್ತನಾಲ್ಕನೇ ಇಸವಿಯ ನೀರ್ಚಾಲಿನ ಪತ್ರ ತೆರೆದೆ.

'ಪಡುವಣ ಗುಡಿಸಲಿನ ಕೊರಪ್ಪೊಳು ನೀರು ಹೊರಲಿಕ್ಕೆ
ಬಾವಿ ತನಕ ದಾರಿ ಬಿಡತಕ್ಕದ್ದು.'
ಸಹಿ ಇಲ್ಲ. ಮೂಲಪ್ರತಿಯಲ್ಲಿ ಮಸಿಯೇ ಬೇರೆ.
ಅವಳು ಯಾರ ಮಗಳೆಂದಿಲ್ಲ, ಯಾರ ಹೆಂಡತಿಯೆಂದಿಲ್ಲ,
ಹಾಗಾಗಿ ನನ್ನ ಕೆಂಪಿಗೂ ಸಿಕ್ಕಿಲ್ಲ.

ಆ ಜಾಗದ್ದೇ ಕ್ರಯಪತ್ರ ಬರುವ ಮಂಗಳವಾರ.
ಹೊಸ ಕರಡಿನಲ್ಲಿ ನಾಲ್ಕು ದಿಕ್ಕೂ ಉಂಟು, ದಾರಿ ಇಲ್ಲ.
"ಅದು ಷರಾ ಮಾರಾಯ್ತಿ, ನಂಬ್ರ ಇಲ್ಲದ ಮಾತು"
ಎಂದರು ಪಾಟಾಳಿಯವರು, ಕೊಡೆ ಹುಡುಕುತ್ತ.

ರಾತ್ರಿ ಇನ್ನೊಂದು ನಿಯಮ ಬರೆದೆ:
ಷರಾದೊಳಗೆ 'ತಕ್ಕದ್ದು' ಬಂದರೆ ಬೂದಿ ಬೇಡ, ಕಿತ್ತಳೆ.
ಬಣ್ಣ ಕಡತದಲ್ಲಿ ಇರುವಂಥದ್ದಲ್ಲ, ಗೊತ್ತು.
ಎಡಿಟರ್ ಮುಚ್ಚಿದರೆ ಹೋಯಿತು.
ಛಾಪಾಕಾಗದದ ಮೇಲೆ ಎಲ್ಲವೂ ಒಂದೇ ಕಪ್ಪು.

ಬೆಳಿಗ್ಗೆ ಅವರು ಕನ್ನಡಕ ಒರಸಿ
ಕಿತ್ತಳೆಯ ಎದುರು ತುಸು ಹೊತ್ತು ನಿಂತರು.
'ಕೊರಪ್ಪೊಳು' ಎಂದು ಬಾಯಿಬಿಟ್ಟು ಓದಿದರು.
ಆಮೇಲೆ ಕರಡು ಎಳೆದುಕೊಂಡು ಪಡು ದಿಕ್ಕಿನ ಕೆಳಗೆ
ಮಲಯಾಳದಲ್ಲಿ ಒಂದೇ ಪದ ಸೇರಿಸಿದರು: ನಡವಳಿ.

ಆ ಭಾಷೆಗೆ ಅದು ಕಾಲುದಾರಿ.
ಕನ್ನಡದಲ್ಲಿ ಓದಿದರೆ ನಡತೆ.
ಯಾವ ಪಟ್ಟಿಗೆ ಹಾಕಲಿ ಇದನ್ನು,
ಮೈಮೂನಾ, ನೀನೇ ಹೇಳು.